ಹಿಂಡಿಗೆ ಮರಳಿದ ತೋಳ

ಭಾನುವಾರ ರಾತ್ರಿ ಕ್ಷೌರದಂಗಡಿಯ ಬಾಗಿಲು ಹಾಕಿಕೊಂಡು ಅಕ್ಕ ತಮ್ಮ ದಾಳ ಉರುಳಿಸಿ ಕಾಡಿನ ಕಥೆಯ ಆಟ ಆಡುತ್ತಿದ್ದರು. ಕಥೆ ಹೇಳುತ್ತಾ ಆಟ ನಡೆಸುವವನು ಅಂಗಡಿ ಇಟ್ಟಿದ್ದ ತಮ್ಮ. ಬಸ್ ಓಡಿಸುವ ಅಕ್ಕ ಆಟದಲ್ಲಿ ಬೇಟೆಗಾರ್ತಿ. ಮರಿಯಿಂದ ಸಾಕಿದ ತೋಳವೇ ಅವಳ ಜೊತೆಗಾರ.

ಅಂದು ಕಥೆಯಲ್ಲಿ ಆ ತೋಳದ ಹಿಂಡು ಹೊಳೆಯಾಚೆ ಬಂದು ಊಳಿಟ್ಟಿತು. ತಮ್ಮ ಮೇಜಿನ ಆಚೆ ತುದಿಯಲ್ಲಿ ತೋಳದ ಬೊಂಬೆಗಳ ಹಿಂಡನ್ನು ಜೋಡಿಸಿದ.

"ಆರು ಬಿದ್ದರೆ ತೋಳ ನಿನ್ನ ಹತ್ತಿರಾನೇ ಉಳಿಯುತ್ತೆ, ಹಾಕಕ್ಕಾ," ಎಂದ ತಮ್ಮ.

ಅಕ್ಕ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕುಲುಕಿದಳು. ಆಮೇಲೆ ಉರುಳಿಸದೆ ಕೆಳಗಿಟ್ಟು, ತನ್ನ ತೋಳಕ್ಕೆ ಹೇಳಿದಳು: "ಹೋಗು ಮಗಾ, ನಿನ್ನವರು ಕರೀತಿದ್ದಾರೆ."

"ಹೊಳೆ ದಾಟೋ ಮುಂಚೆ ಅದು ತಿರುಗಿ ಬಂದು ನಿನ್ನ ಕೈ ನೆಕ್ಕಿತು," ಎನ್ನುತ್ತಾ ತಮ್ಮ ಕಣ್ಣು ಉಜ್ಜಿಕೊಂಡ.

"ಅಳ್ತಿದ್ದೀಯೇನೋ?"

"ಇಲ್ಲಕ್ಕಾ, ಯಾರದೋ ಕೂದಲು ಕಣ್ಣಿಗೆ ಬಿತ್ತು."

ಅಕ್ಕ ನಕ್ಕಳು. ಬಣ್ಣ ಮಾಸಿದ ತನ್ನ ತೋಳದ ಬೊಂಬೆಯ ತಲೆ ಸವರಿ, ಮೇಜಿನಾಚೆಯ ಹಿಂಡಿನ ನಡುವೆ ನಿಲ್ಲಿಸಿದಳು.