ಮುಚ್ಚಳದ ಮೂರು ಲೀಟರು

ನನ್ನ ಬಳಿ ಇರುವುದು ಒಂದೇ ಹಂಡೆ. ಬಾರ್ಲಿ ನೆನೆಯುವುದೂ ಅದರಲ್ಲೇ, ರಸ ಕುದಿಯುವುದೂ ಅದರಲ್ಲೇ. ಹಾಗಾಗಿ ಬಿಯರಿಗೆ ಬೇಕಾದ ನೀರೆಲ್ಲ ಮೊದಲೇ ಲೆಕ್ಕ ಹಾಕಿ ಒಟ್ಟಿಗೆ ಸುರಿಯಬೇಕು. ಆಮೇಲೆ ನೀರು ಬೆರೆಸುವವರನ್ನು ಕಂಡರೆ ನನಗಾಗದು. ಕೊನೆಗೆ ಇಪ್ಪತ್ತು ಲೀಟರು ಬೇಕು. ಐದು ಕಿಲೋ ಬಾರ್ಲಿ ನಾಲ್ಕು ಲೀಟರು ಕುಡಿದುಬಿಡುತ್ತದೆ. ಕುದಿಯುವಾಗ ಆವಿಯಾಗಿ ಮೂರು ಹೋಗುತ್ತದೆ. ತಳದ ಗಷ್ಟಿಗೆ ಎರಡು. ಒಟ್ಟು ಇಪ್ಪತ್ತೊಂಬತ್ತು. ಕುದಿ ಮುಗಿದು ಅಳತೆಕೋಲು ಇಳಿಬಿಟ್ಟರೆ ಅದು ಇಪ್ಪತ್ತೆರಡನೇ ಗೀರಿನವರೆಗೆ ಒದ್ದೆಯಾಗಬೇಕು. ಹನ್ನೊಂದು ವರ್ಷದಲ್ಲಿ ಒಂದು ಲೋಟವೂ ಹೆಚ್ಚುಕಮ್ಮಿ ಆಗಿಲ್ಲ, ಅಮ್ಮ ಕೈ ಹಾಕಿದ ದಿನಗಳನ್ನು ಬಿಟ್ಟರೆ.

ಒಲೆಯ ಮೇಲೆ ಮುಚ್ಚಳವಿಲ್ಲದ ಪಾತ್ರೆ ಅಮ್ಮನ ಕಣ್ಣಿಗೆ ಬೀಳುವಂತಿರಲಿಲ್ಲ. "ಇಡೀ ಊರಿಗೆ ಬೆಂಕಿ ಕಾಯಿಸ್ತಿದ್ದೀಯೇನೋ ಬೋಹುಶ್?" ಎನ್ನುತ್ತ ನಾನು ಆಚೆ ತಿರುಗಿದ ಕೂಡಲೇ ಮುಚ್ಚಿಬಿಡುತ್ತಿದ್ದಳು. ಮುಚ್ಚಿದರೆ ಆವಿ ಒಳಗೇ ಇಳಿಯುತ್ತದೆ. ಮೂರು ಲೀಟರು ಹಾಗೇ ಉಳಿದು, ಬಿಯರು ಬೇಯಿಸಿದ ಎಲೆಕೋಸಿನಂತೆ ನಾರುತ್ತದೆ.

ನಾನು ಮುಂಗೋಪಿ. ಫೆಬ್ರವರಿಯ ಒಂದು ಶನಿವಾರ, ಸತತ ಮೂರನೇ ಬಾರಿ ಹೀಗಾದಾಗ ತಲೆ ಕೆಟ್ಟುಹೋಯಿತು. "ಇನ್ಮೇಲೆ ನೀನು ಈ ಅಡುಗೆಮನೆಗೆ ಕಾಲಿಡಬೇಡ" ಎಂದೆ. ನಲವತ್ತಾರು ವರ್ಷ ಅವಳು ಅಡುಗೆ ಮಾಡಿದ ಜಾಗ ಅದು. ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡು ತನ್ನ ಕೋಣೆಗೆ ಹೋದಳು. ಮತ್ತೆ ಅಡುಗೆಮನೆಗೆ ಬರಲೇ ಇಲ್ಲ. ನನ್ನ ಹೆಂಡತಿ ವ್ಲಾಸ್ತಾ ಕೋಣೆಗೇ ಸೂಪು ಕೊಂಡೊಯ್ದು ಕೊಡುತ್ತಿದ್ದಳು. ಮಂಗಳವಾರ ಬೆಳಗ್ಗೆ ಅಮ್ಮ ಏಳಲಿಲ್ಲ, ನಿದ್ದೆಯಲ್ಲೇ ತೀರಿಕೊಂಡಿದ್ದಳು. ನಾನು ಬಾರ್ಲಿ ನೆನೆಹಾಕುವ ಚೀಲವನ್ನು ಹಳೆಯ ಪರದೆ ಕತ್ತರಿಸಿ ಹೊಲಿದುಕೊಟ್ಟವಳು ಅವಳೇ. ಬೈಯುವಾಗ ಅದು ನೆನಪಿಗೆ ಬರಲಿಲ್ಲ.

ಮಾರ್ಚಿನಲ್ಲಿ ಮತ್ತೆ ಹಂಡೆ ಇಟ್ಟೆ. ರಸ ಕುದಿಯಲು ಬಿಟ್ಟು, ಹಿಂಡಿದ ಬಾರ್ಲಿಯನ್ನು ಪಕ್ಕದ ಮನೆಯ ಕೋಳಿಗಳಿಗೆ ಹಾಕಿ ಬಂದರೆ ಹಂಡೆಯ ಬಾಯಿ ಮುಚ್ಚಿತ್ತು. ಕೋಲು ತೋರಿಸಿದ್ದು ಇಪ್ಪತ್ತೈದು. ಬಾಗಿಲಲ್ಲಿದ್ದ ವ್ಲಾಸ್ತಾಳ ಮೇಲೆ ರೇಗಿದೆ.

"ನಾನು ಈಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ತಿದ್ದೀನಿ. ನನ್ನ ಮೇಲೆ ಯಾಕೆ ಹಾರಾಡ್ತೀಯ?"

ಏಪ್ರಿಲ್‌ನಲ್ಲಿ ಮುಚ್ಚಳವನ್ನು ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದೆ. ಕೋಳಿಗಳಿಗೆ ಹಾಕಿ ವಾಪಸು ಬಂದಾಗ ಹಂಡೆಯ ಮೇಲೆ ಕೇಕು ಬೇಯಿಸುವ ತಟ್ಟೆ ಕೂತಿತ್ತು. ಅದು ಅಲುಗಾಡದಂತೆ ಮೇಲೊಂದು ಉಪ್ಪಿನ ಜಾಡಿ. ಮುಚ್ಚಳ ಸಿಗದ ದಿನ ಅಮ್ಮ ಹೀಗೇ ಮಾಡುತ್ತಿದ್ದಳು. ವ್ಲಾಸ್ತಾಳನ್ನು ಕರೆದು ತೋರಿಸಿದೆ.

ವ್ಲಾಸ್ತಾ ನಗಲಿಲ್ಲ. "ಬೈದು ಕಳಿಸಿದೋನು ನೀನು. ನೀನೇ ಮಾತಾಡು" ಎಂದಳು.

ಬೇಸಿಗೆಯಿಡೀ ಹಂಡೆ ಮುಟ್ಟಲಿಲ್ಲ. ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ನವೆಂಬರಿನಲ್ಲಿ ಸತ್ತವರಿಗೆ ದೀಪವಿಡುವ ದಿನ ಅಮ್ಮನ ಸಮಾಧಿಯ ಮುಂದೆ ನಿಂತೆ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಅಕ್ಕಪಕ್ಕದ ಸಮಾಧಿಗಳ ಬಳಿ ಊರವರೆಲ್ಲ ಇದ್ದರು. ದೀಪ ಹಚ್ಚಿಟ್ಟು ಹಾಗೇ ವಾಪಸು ಬಂದೆ. ಅಲ್ಲದೆ, ಅಮ್ಮ ಇರುವುದು ಅಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ.

ಮುಂದಿನ ಶನಿವಾರ ಹಂಡೆಗೆ ಇಪ್ಪತ್ತಾರೇ ಲೀಟರು ನೀರು ಸುರಿದೆ. ಅಮ್ಮ ಉಳಿಸಿಕೊಡುವ ಮೂರು ಲೀಟರನ್ನು ಮೊದಲೇ ಕಳೆದಿದ್ದೆ. ಅವಳು ಬಂದು ಮುಚ್ಚಿದರೆ ಕೋಲು ಸರಿಯಾಗಿ ಇಪ್ಪತ್ತೆರಡಕ್ಕೇ ನಿಲ್ಲುತ್ತದೆ. ಎಲೆಕೋಸಿನ ವಾಸನೆ ಬಂದರೆ ಬರಲಿ, ಕುಡಿದರಾಯಿತು. ಕುದಿ ಬಂದಾಗ ಮುಚ್ಚಳವನ್ನು ನೆಲಮಾಳಿಗೆಯಿಂದ ತಂದು ಅವಳ ಕೈಗೆ ಎಟಕುವಂತೆ ಒಲೆಯ ಪಕ್ಕದಲ್ಲಿಟ್ಟೆ.

"ಅಮ್ಮ, ತಪ್ಪಾಯ್ತು. ಇದು ನಿನ್ನ ಅಡುಗೆಮನೆ. ಬಾ, ಮುಚ್ಚು. ಇವತ್ತು ನಿನ್ನ ಲೆಕ್ಕದಲ್ಲೇ ನೀರು ಹಾಕಿದ್ದೀನಿ."

ಗಟ್ಟಿಯಾಗಿಯೇ ಹೇಳಿದೆ. ಹೇಳಿ, ಬಾರ್ಲಿಯ ಬಕೆಟ್ಟು ಎತ್ತಿಕೊಂಡು ಹೊರಟೆ. ಬೇಗ ಬಂದು ಅವಳಿಗೆ ಅಡ್ಡಿಯಾಗಬಾರದೆಂದು ಕುದಿ ಮುಗಿಯುವವರೆಗೂ ಆ ಚಳಿಯಲ್ಲಿ ಕೋಳಿಗಳ ಜೊತೆಗೇ ನಿಂತಿದ್ದೆ.

ಬಂದು ನೋಡಿದರೆ ಅಡುಗೆಮನೆ ತುಂಬ ಆವಿ. ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಮುಚ್ಚಳ ನಾನಿಟ್ಟಲ್ಲೇ ಇತ್ತು. ಓವನ್ ತೆರೆದು ನೋಡಿದೆ, ತಟ್ಟೆ ಒಳಗಿತ್ತು. ಉಪ್ಪಿನ ಜಾಡಿ ಕಪಾಟಿನಲ್ಲಿತ್ತು. ಕೋಲು ಇಳಿಬಿಟ್ಟೆ. ಹತ್ತೊಂಬತ್ತು.

ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತೆ. ಅವಳು ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ವ್ಲಾಸ್ತಾ ಬಂದು ಹಂಡೆಯೊಳಗೆ ಇಣುಕಿದಳು. "ಮೂರು ಲೀಟರು ನೀರು ಸುರಿದ್ರೆ ಸರಿಹೋಗುತ್ತಲ್ಲ" ಎಂದಳು ಮೆಲ್ಲಗೆ.

"ಬೇಡ" ಎಂದೆ. "ಕೇಳಿಸಿಕೊಂಡು ಹೋದಳಾ, ಕೇಳಿಸಿಕೊಳ್ಳೋ ಮೊದಲೇ ಹೋದಳಾ?"

ವ್ಲಾಸ್ತಾ ಬಟ್ಟೆ ತೆಗೆದುಕೊಂಡು ಕಿಟಕಿ ಒರೆಸತೊಡಗಿದಳು.

ಡಿಸೆಂಬರಿನಲ್ಲೂ ಇಪ್ಪತ್ತಾರೇ ಹಾಕಿದೆ. ಕೋಲು ಹತ್ತೊಂಬತ್ತಕ್ಕೇ ನಿಂತಿತು. ಜನವರಿಯಲ್ಲೂ ಇಪ್ಪತ್ತಾರೇ ಹಾಕುತ್ತೇನೆ.