ಸೊಸೆ ಓಡಿಸುತ್ತಿದ್ದ ಪಿಕಪ್

ಮಗ ಗಿಡಗಳ ನರ್ಸರಿ ನಡೆಸುತ್ತಿದ್ದ. ಕುಂಡಗಳನ್ನು ಪಿಕಪ್‌ನಲ್ಲಿ ತುಂಬಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಸೊಸೆಯದು. ಆ ಹಳೆಯ ಪಿಕಪ್ ಮಾವನದು. ಆಯುಷ್ಯವೆಲ್ಲ ಲಾರಿ ಓಡಿಸಿದ ಮಾವ, ಮಂಡಿನೋವು ಶುರುವಾದ ಮೇಲೆ ಸ್ಟೀರಿಂಗನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರು. ಕೀಲಿಕೈ ಕೊಟ್ಟಿದ್ದರೇ ಹೊರತು ಮನಸ್ಸು ಕೊಟ್ಟಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಗಾಡಿ ಕೈಕೊಡತೊಡಗಿತು. ಬೆಳಿಗ್ಗೆ ಸರಿಯಾಗಿಯೇ ಹೊರಡುತ್ತಿತ್ತು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು. ಸ್ವಲ್ಪ ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ.

ಮೆಕ್ಯಾನಿಕ್ ಬಂದು ಸ್ಕ್ಯಾನರ್ ಜೋಡಿಸಿ ನೋಡಿದ. "ಕ್ರ್ಯಾಂಕ್ ಸೆನ್ಸರ್ ತೋರಿಸ್ತಾ ಇದೆ. ಇಂಜಿನ್ ತಿರುಗ್ತಿದೆ ಅಂತ ಗಾಡಿ ಕಂಪ್ಯೂಟರಿಗೆ ಸುದ್ದಿ ಕೊಡೋದೇ ಇದು. ಇದು ಬಾಯಿ ಮುಚ್ಚಿದ್ರೆ ಕಂಪ್ಯೂಟರ್ ಡೀಸೆಲ್ ನಿಲ್ಲಿಸಿಬಿಡುತ್ತೆ," ಎಂದು ಹೊಸ ಸೆನ್ಸರ್ ಹಾಕಿ ಹೋದ. ವಾರ ಕಳೆಯುವಷ್ಟರಲ್ಲಿ ಗಾಡಿ ಮತ್ತೆ ಸೇತುವೆಯ ಮೇಲೆ ನಿಂತಿತು.

ಮಾವನಿಗೆ ಖಾತ್ರಿಯಾಯಿತು. ಸೆನ್ಸರ್ ಹೊಸದು, ಹಾಗಾದರೆ ದೋಷ ಓಡಿಸುವವಳದೇ.

ಆ ಭಾನುವಾರ ಮಾವನ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದರು. ಗಾಡಿಯ ಮಾತು ಬಂತು.

"ಬಿಸಿಯಾದಾಗಲೇ ನಿಲ್ಲುತ್ತೆ ಮಾವ. ರಸ್ತೇಲಿ ಕುಲುಕಿದ್ರೆ ಇನ್ನೂ ಜಾಸ್ತಿ..." ಎಂದು ಸೊಸೆ ಹೇಳುತ್ತಿದ್ದಳು.

ಮಾವ ನಡುವೆಯೇ ಬಾಯಿ ಹಾಕಿದರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ! ಕ್ಲಚ್ ಮೇಲಿಂದ ಕಾಲು ತೆಗೆಯೋದು ಮೊದಲು ಕಲಿ, ಎಲ್ಲಾ ಸರಿಹೋಗುತ್ತೆ."

ಊಟಕ್ಕೆ ಕೂತವರೆಲ್ಲ ನಕ್ಕರು. ಮಗನೂ ನಕ್ಕ. ಸೊಸೆ ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನು ಮುಗಿಸಿದಳು. ಮಾರನೆಯ ದಿನ ಕೀಲಿಕೈ ತಂದು ಮಾವನ ಮುಂದಿಟ್ಟು, "ಇನ್ನು ನೀವೇ ಓಡಿಸಿ," ಎಂದಳು. ಗಿಡ ಸಾಗಿಸಲು ಬಾಡಿಗೆ ಗಾಡಿ ಬರತೊಡಗಿತು.

ತೋರಿಸಿಯೇ ಬಿಡೋಣವೆಂದು ಹಟಕ್ಕೆ ಬಿದ್ದು ಮಾವ ಪಿಕಪ್ ಹತ್ತಿದರು. ಮಾರುಕಟ್ಟೆ ದಾಟಿ ಏರು ಹತ್ತುವಾಗ ಇಂಜಿನ್ ಸದ್ದಡಗಿತು. ಅವರ ಕಾಲು ಕ್ಲಚ್ ಮೇಲಿರಲಿಲ್ಲ. ಹಿಂದಿನಿಂದ ಹಾರ್ನುಗಳ ಸುರಿಮಳೆ. ಒಬ್ಬನಂತೂ ಪಕ್ಕದಲ್ಲಿ ಹಾದುಹೋಗುತ್ತ, "ಓಡಿಸೋಕೆ ಬರಲ್ವಾ ಅಜ್ಜ?" ಎಂದು ಕೂಗಿ ಹೋದ.

ಮೆಕ್ಯಾನಿಕ್ ಈ ಸಲ ಸೆನ್ಸರ್ ಮುಟ್ಟಲಿಲ್ಲ. ಗಾಡಿಯಡಿ ಮಲಗಿ, ಟಾರ್ಚ್ ಬಿಟ್ಟು, ಅದರ ವೈರಿನ ಜಾಡು ಹಿಡಿದು ಹೋದ.

"ಸಿಕ್ತು ನೋಡಿ ಯಜಮಾನ್ರೆ! ವೈರು ಹೊಗೆ ಪೈಪಿಗೆ ಅಂಟಿಕೊಂಡು ಸುಟ್ಟಿದೆ. ಬಿಸಿಯಾದಾಗ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ತಂತಿ ಪೈಪಿಗೆ ತಾಗ್ತಿತ್ತು. ಮೊದಲ ಸಲವೇ ನಾನು ನೋಡಬೇಕಿತ್ತು. ಯಾರೋ ಸ್ಟಾರ್ಟರ್ ಮೋಟಾರ್ ಬಿಚ್ಚಿದಾರೆ, ವೈರು ಹಿಡಿಯೋ ಕ್ಲಿಪ್ಪು ವಾಪಸ್ ಹಾಕೇ ಇಲ್ಲ. ಯಾವ ಪುಣ್ಯಾತ್ಮನೋ!"

ಆ ಪುಣ್ಯಾತ್ಮ ಅಲ್ಲೇ ನಿಂತಿದ್ದರು. ಚಳಿಗಾಲದಲ್ಲಿ ಸ್ಟಾರ್ಟರ್ ಕೆಟ್ಟಾಗ, ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ ಎಂದು ಅದನ್ನು ಬಿಚ್ಚಿ ಕೂರಿಸಿದ್ದು ಅವರೇ. ಕ್ಲಿಪ್ಪು ಕೈಜಾರಿ ಎಲ್ಲೋ ಬಿದ್ದಿತ್ತು. ಇದೊಂದು ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಬಿಟ್ಟಿದ್ದರು. ಈಗ ಹೇಳಬೇಕೆಂದು ಬಾಯಿ ತೆರೆದರು. ಬಂದ ಮಾತು ಮಾತ್ರ ಬೇರೆ.

"ಇರ್ಬೇಕು. ಯಾವನೋ ಅರೆಬೆಂದವನು."

ಅಂದ ತಕ್ಷಣ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಮೆಕ್ಯಾನಿಕ್ ವೈರು ಸರಿಮಾಡಿ, ಪೈಪಿನಿಂದ ದೂರ ಕಟ್ಟಿ ಹೋದ. ಮಾವ ಮಧ್ಯಾಹ್ನವಿಡೀ ಗಾಡಿ ಸುತ್ತಾಡಿಸಿದರು. ಅದೇ ಏರು, ಅದೇ ಸೇತುವೆ, ಒಮ್ಮೆಯೂ ನಿಲ್ಲಲಿಲ್ಲ. ನಿಂತಿದ್ದರೇ ವಾಸಿಯಿತ್ತು ಎನಿಸಿತು ಅವರಿಗೆ.

ಮನೆಗೆ ಬಂದಾಗ ಸೊಸೆ ಹಿತ್ತಲಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು.

"ತಪ್ಪು ನಂದೇ ಕಣಮ್ಮ," ಎಂದರು ಮಾವ. ಸ್ಟಾರ್ಟರು, ಕ್ಲಿಪ್ಪು, ಮೆಕ್ಯಾನಿಕ್ ಮುಂದೆ ಆಡಿದ ಸುಳ್ಳು, ಯಾವುದನ್ನೂ ಮುಚ್ಚಿಡಲಿಲ್ಲ.

ಸೊಸೆ ಕೈಕೆಲಸ ನಿಲ್ಲಿಸಲಿಲ್ಲ. "ಆವತ್ತು ಹತ್ತು ಜನರ ಮುಂದೆ ಅಂದ್ರಿ ಮಾವ. ಇವತ್ತು ಹಿತ್ತಲಲ್ಲಿ ಹೇಳ್ತಿದ್ದೀರಿ."

ಮಾವ ಅಲ್ಲಿಂದ ಒಳಗೆ ಹೋದರೂ ಆ ಮಾತು ಬೆನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಅಕ್ಕನ ಮನೆಗೆ ಎಲ್ಲರನ್ನೂ ಅವರೇ ಹೊರಡಿಸಿದರು. ತಟ್ಟೆ ಇಡುವ ಮೊದಲೇ ಎದ್ದು ನಿಂತರು.

"ಒಂದು ಮಾತಿದೆ. ಸ್ಟಾರ್ಟರ್ ಬಿಚ್ಚಿ, ಕ್ಲಿಪ್ಪು ವಾಪಸ್ ಹಾಕದೆ ಗಾಡಿ ಕೆಡಿಸಿದ್ದು ನಾನು. ಇವಳು ಸರಿಯಾಗೇ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ನಿಮ್ಮೆಲ್ಲರ ಮುಂದೆ ಇವಳನ್ನ ಹೀಯಾಳಿಸಿದೆ. ಇವಳು ಓಡಿಸೋದ್ರಲ್ಲಿ ಎಳ್ಳಷ್ಟೂ ತಪ್ಪಿಲ್ಲ."

ಅಕ್ಕ, "ನೀನು ಚಿಕ್ಕೋನಿದ್ದಾಗಿಂದ ಹಿಂಗೇ ಕಣೋ. ಬಿಚ್ಚಿದ್ದನ್ನ ಒಂದು ದಿನವೂ ಪೂರ್ತಿ ಜೋಡಿಸಿದವನಲ್ಲ," ಎಂದಳು. ನೆರೆದವರು ನಕ್ಕು ಹಗುರಾದರು. ಸೊಸೆ ನಗಲಿಲ್ಲ. ಮಗ ನಗಲು ಹೊರಟವನು, ಹೆಂಡತಿಯ ಮುಖ ನೋಡಿ ಸುಮ್ಮನಾದ.

ಸೋಮವಾರ ಬೆಳಿಗ್ಗೆ ಅವಳು ಕೀಲಿಕೈ ಕೇಳಿ ಇಸಿದುಕೊಂಡಳು. ಮಾವ ಕುಂಡ ಎತ್ತಿಕೊಡಲು ಹೋದರು.

"ಬಿಡಿ, ನಾನೇ ಇಡ್ತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮೊದಲಿನ ಸಲಿಗೆಯೂ ಇರಲಿಲ್ಲ.

ಅವರು ಬಿಡಲಿಲ್ಲ. ಒಂದೊಂದಾಗಿ ಎತ್ತಿಕೊಟ್ಟರು. ಅವಳು ಒಂದೊಂದಾಗಿ ಇಸಿದುಕೊಂಡು ಜೋಡಿಸಿದಳು. ಗಾಡಿ ಹೊರಟು ಬೀದಿಯ ತಿರುವು ದಾಟುವವರೆಗೂ ಮಾವ ಗೇಟಿನ ಬಳಿಯೇ ನಿಂತಿದ್ದರು.