ದಾರ ಕಟ್ಟಿದ ಪೆನ್ಸಿಲ್

ನಮ್ಮದು ಇಂಗ್ಲೆಂಡಿನ ಪೂರ್ವ ಕರಾವಳಿಯ ಮೀನಿನ ಊರು. ಯುರೋಪಿನ ಒಕ್ಕೂಟ ಬಿಟ್ಟರೆ ಹೊರದೇಶದ ಮೀನುದೋಣಿಗಳು ತೊಲಗಿ ಸಮುದ್ರ ಮತ್ತೆ ನಮ್ಮದಾಗುತ್ತದೆ ಎಂದು ನಂಬಿದ ಊರು. ಮತಗಟ್ಟೆಯಲ್ಲಿ ಗುರುತು ಹಾಕಲು ದಾರ ಕಟ್ಟಿದ ಪೆನ್ಸಿಲ್ ಇಟ್ಟಿರುತ್ತಾರೆ. ಒಕ್ಕೂಟದಲ್ಲಿ ಇರಬೇಕೋ ಹೊರಬರಬೇಕೋ ಎಂದು ಜನರ ಮತ ಕೇಳಿದ ಆ ಸಲ, ಪೆನ್ಸಿಲ್ ಗುರುತನ್ನೆಲ್ಲ ಹೊರಬರುವುದು ಬೇಡವೆನ್ನುವ ಸರಕಾರದವರು ರಬ್ಬರಿನಿಂದ ಅಳಿಸಿಬಿಡುತ್ತಾರೆ ಎಂಬ ಗಾಳಿಸುದ್ದಿ ಎದ್ದಿತು. ಹೊರಬರಬೇಕು ಎನ್ನುವವರೆಲ್ಲ ಸ್ವಂತ ಪೆನ್ನು ಹಿಡಿದುಕೊಂಡೇ ಹೋದರು.

ಡೆಸ್ಮಂಡ್ ಕಾಕ್‌ವೆಲ್ ಮಾತ್ರ ಪೆನ್ಸಿಲ್ ಎತ್ತಿಕೊಂಡ. ಹದಿನೆಂಟು ವರ್ಷದಿಂದ ನಮ್ಮ ಪಕ್ಷದ ನಗರಸಭಾ ಸದಸ್ಯ ಅವನು. ಮನೆಮನೆಗೆ ಹೋಗಿ 'ಹೊರಬನ್ನಿ' ಎಂದು ಕರಪತ್ರ ಹಂಚಿದವನೂ ಅವನೇ. ಅವನು ಪೆನ್ಸಿಲ್ ಹಿಡಿದದ್ದನ್ನು ಪಕ್ಕದಲ್ಲಿದ್ದ ನಮ್ಮ ಪಕ್ಷದವಳೇ ಆದ ಮಾರೀನ್ ಕಂಡಳು.

ನಾವೇ ಗೆದ್ದೆವು. ಗೆದ್ದ ಮೇಲಾದರೂ ಅನುಮಾನ ಸಾಯಬೇಕಿತ್ತು, ಇನ್ನಷ್ಟು ಕೊಬ್ಬಿತು. ವರ್ಷ ಎರಡಾದರೂ ಸಮುದ್ರ ಕೈಗೆ ಬರಲಿಲ್ಲ. ಒಳಗಿನವರೇ ಯಾರೋ ಕಾಲೆಳೆಯುತ್ತಿದ್ದಾರೆ ಎಂದು ಎಲ್ಲರೂ ಪಿಸುಗುಟ್ಟತೊಡಗಿದರು. ಮುಂದಿನ ಚುನಾವಣೆಗೆ ಡೆಸ್ಮಂಡನಿಗೆ ಟಿಕೆಟ್ ಬೇಡವೆಂದು ಮಾರೀನ್ ಪಟ್ಟು ಹಿಡಿದಳು.

ಅದನ್ನು ತೀರ್ಮಾನಿಸುವ ಪಕ್ಷದ ಸಭೆಗೆ ಮುಂಚೆ ಅವನು ನನ್ನ ಮನೆಗೆ ಬಂದ. ಹೆಂಡತಿ ಸತ್ತ ಮೇಲೆ ಅವನಿಗಿದ್ದದ್ದು ನಗರಸಭೆಯ ಆ ಕುರ್ಚಿಯೊಂದೇ. "ಗ್ವೆನ್, ನೀನು ಕಾರ್ಯದರ್ಶಿ. ನೀನೊಂದು ಮಾತು ಹೇಳಿದ್ರೆ ನಂಬ್ತಾರೆ," ಎಂದ. ಹೇಳುತ್ತೇನೆ ಎಂದೆ.

ಸಭೆಯಲ್ಲಿ ಚಹಾ ಮುಗಿಯುವ ಮೊದಲೇ ಮಾರೀನ್ ಶುರುಮಾಡಿದಳು.

"ಪೆನ್ನು ಯಾಕೆ ತರ್ಲಿಲ್ಲ, ಡೆಸ್?"

"ಅಲ್ಲೇ ಪೆನ್ಸಿಲ್ ಇತ್ತಲ್ಲ, ಅದಕ್ಕೆ."

"ನಮಗೆಲ್ಲ ಹೊಳೆದಿದ್ದು ನಿನಗೊಬ್ಬನಿಗೇ ಹೊಳೀಲಿಲ್ವಾ? ಅಳಿಸಿದ್ರೂ ಪರವಾಗಿಲ್ಲ ಅನ್ನೋ ವೋಟೇನೋ ಅದು."

ಯಾರೋ ನಕ್ಕರು. ಹೊರಬರಬೇಕೆಂದೇ ಗುರುತು ಹಾಕಿದ್ದೆ ಎಂದು ಡೆಸ್ಮಂಡ್ ಹೆಂಡತಿಯ ಸಮಾಧಿಯ ಮೇಲೆ ಆಣೆ ಇಟ್ಟ. ಆಮೇಲೆ ನನ್ನತ್ತ ನೋಡಿದ. ಅವನ ಹಿಂದೆಯೇ ಇಡೀ ಸಭೆ ನನ್ನತ್ತ ತಿರುಗಿತು.

"ಗ್ವೆನ್, ಅವತ್ತು ನೀನು ಏನ್ ತಗೊಂಡ್ ಹೋಗಿದ್ದೆ?" ಎಂದಳು ಮಾರೀನ್.

ನನಗೆ ಭಯವಾಯಿತು. ಚೀಲದಿಂದ ಪೆನ್ನು ತೆಗೆದು ತೋರಿಸಿದೆ. ನೋಡಿದಿರಾ, ಹೀಗಿರಬೇಕು ಎಂದು ಅವಳು ತಲೆಯಾಡಿಸಿದಳು. ಡೆಸ್ಮಂಡ್ ಬೇಡ ಎನ್ನುವವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಒಂದೇ ಮತದಿಂದ ಅವನು ಸೋತ. ಕೋಟು ಹಾಕಿಕೊಂಡು, ಯಾರನ್ನೂ ನೋಡದೆ ಹೊರಟುಹೋದ.

ನಾನು ದುಡಿಯುವ ಮೀನಿನ ಕಾರ್ಖಾನೆಯ ಮಾಲೆಲ್ಲ ಹೋಗುವುದು ಯುರೋಪಿಗೆ. ಒಕ್ಕೂಟದಲ್ಲೇ ಉಳಿಯಬೇಕು ಎಂಬ ಕಡೆಗೆ ಅವತ್ತು ಗುರುತು ಹಾಕಿದ್ದೆ, ಅದೇ ಪೆನ್ನಿನಿಂದ, ಯಾರೂ ಅಳಿಸಲಾಗದಂತೆ ಒತ್ತಿ.